ಎರಡೂ ಬಲಗೈಯ ತೋಳು

ಮಣಿಪಾಲ
19 ಆಗಸ್ಟ್ 2025, ಮಂಗಳವಾರ

ಪ್ರೀತಿಯ ಇಮ್ಮಿಗೆ,

ಹೇಗಿದ್ದಿ? ಅಮ್ಮನ ಸೊಂಟನೋವು ಹೇಗುಂಟು? ಎರಡು ವರ್ಷ ಉತ್ತರ ಬರೆಯದೆ ಕೂತವಳಿಗೆ ಇದನ್ನೆಲ್ಲ ಕೇಳುವ ಹಕ್ಕಿಲ್ಲ, ಗೊತ್ತುಂಟು. ಎರಡು ಕ್ರಿಸ್‌ಮಸ್‌ಗೂ ಕಾರ್ಕಳದಿಂದ ನಿನ್ನ ಕುಸ್ವಾರದ ಡಬ್ಬಿ ಬಂತು, ಜೊತೆಗೆ ನಿನ್ನ ದುಂಡು ಅಕ್ಷರದ ಕಾರ್ಡು ಬಂತು. ನೆವ್ರಿಗಳನ್ನೆಲ್ಲ ನಾನೊಬ್ಬಳೇ ತಿಂದೆ, ಉಳಿದ ತಿಂಡಿಯನ್ನು ಲ್ಯಾಬಿನವರು ಮುಕ್ಕಿದರು, ಉತ್ತರ ಮಾತ್ರ ಬರೆಯಲಿಲ್ಲ. ಕ್ಷಮಿಸು. ಫೋನ್ ಮಾಡೋಣವೆಂದು ನಿನ್ನ ಹಳೆಯ ನಂಬರಿಗೆ ಹಚ್ಚಿದರೆ ಯಾರೋ ಟೆಂಪೋದವರು ಎತ್ತಿ, "ಎಂತ ಲೋಡು, ಎಲ್ಲಿಗೆ?" ಎಂದು ಕೇಳಿದರು. ಸರಿ, ಕಾಗದವೇ ಆಗಲಿ ಎಂದುಕೊಂಡೆ. ಹಾಸ್ಟೆಲಿನ ದಿನಗಳಿಂದಲೂ ನಾವು ಕೊಂಕಣಿಯಲ್ಲಿ ಜಗಳವಾಡಿ, ಕನ್ನಡದಲ್ಲಿ ಕಾಗದ ಬರೆದು ರಾಜಿಯಾಗುವವರಲ್ಲವಾ?

ಈಗ ಬೈಯುವುದನ್ನು ಸ್ವಲ್ಪ ಹೊತ್ತು ಬದಿಗಿಡು. ಕುರ್ಚಿ ಎಳೆದುಕೊಂಡು ಕೂತುಕೋ. ಕೈಯಲ್ಲಿ ಚಹಾ ಇದ್ದರೆ ಕೆಳಗಿಡು.

ಇಮ್ಮಿ, ನಿನ್ನ ಚಪ್ಪಲಿ ಸರಿಯಾಗಿತ್ತು!

ಹೌದು ಮಾರಾಯ್ತಿ, ಅದೇ ಚಪ್ಪಲಿ. 2023ರ ಜನವರಿಯ ಆ ಭಾನುವಾರ ನೆನಪುಂಟಾ? ಕಾಪುವಿನ ದೀಪಸ್ತಂಭದ ಕೆಳಗೆ ಬಂಡೆಯ ಮೇಲೆ ಕೂತು ಗೋಳಿಬಜೆ ತಿನ್ನುತ್ತಿದ್ದೆವು. ನಿನ್ನ ಮೊಬೈಲ್ ಗುಂಯ್ ಎಂದಿತು. ಉಪಗ್ರಹದ ಬೆನ್ನಿಗೆ ಕಟ್ಟಿ ಕಳುಹಿಸಿದ ನಮ್ಮ ಪುಟ್ಟ ಯಂತ್ರ ತನ್ನ ಮೊದಲನೆಯ ದೊಡ್ಡ ಗಾಮಾ ಕಿರಣ ಸ್ಫೋಟವನ್ನು ಹಿಡಿದಿತ್ತು. ನೀನು ಎದ್ದು ಕುಣಿದ ರಭಸಕ್ಕೆ ಎಡಗಾಲಿನ ಚಪ್ಪಲಿ ಸಮುದ್ರಪಾಲಾಯಿತು. ಒಂಟಿ ಚಪ್ಪಲಿಯಲ್ಲಿ ಬಸ್ ಹತ್ತಿದ ನಿನ್ನನ್ನು ಕಂಡಕ್ಟರ್, "ಇನ್ನೊಂದು ಎಲ್ಲಿ ಅಕ್ಕ?" ಎಂದು ಕೇಳಿದರೆ ನೀನು ಗಂಭೀರವಾಗಿ, "ಸ್ಫೋಟ ಆಯ್ತು" ಎಂದಿ. ಆ ಮನುಷ್ಯ ಟಿಕೆಟ್ ಕೊಡುವುದನ್ನೂ ಮರೆತು ಹಿಂದೆ ಸರಿದ. ಅಂದಿನಿಂದ ಇಂದಿನವರೆಗೂ ಲ್ಯಾಬಿನಲ್ಲಿ ಆ ಸ್ಫೋಟಕ್ಕೆ ಚಪ್ಪಲಿ ಎಂದೇ ಹೆಸರು. ಹೊಸದಾಗಿ ಬಂದವರು ಏಕೆ ಎಂದು ಕೇಳುತ್ತಾರೆ, ಹೇಳುವಾಗೆಲ್ಲ ನನಗೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ.

ಹದಿನಾಲ್ಕು ಸೆಕೆಂಡಿನ ಆ ಬೆಳಕನ್ನು ನೀನು ಎಂಟು ತಿಂಗಳು ಕೂತು ತುಂಡು ತುಂಡು ಮಾಡಿದಿ. ನಡುವಿನ ತುಂಡಿನಲ್ಲಿ ಬೆಳಕು ಒಂದೇ ದಿಕ್ಕು ಹಿಡಿದು ಅಲುಗುತ್ತದೆ, ಧ್ರುವೀಕರಣ ಶೇಕಡಾ ಅರವತ್ತೊಂದು ಎಂದಿ. ನಮ್ಮ ಗೈಡ್ ಸ್ಟ್ಯಾನಿಸ್ಲಾಸ್ ಸರ್ ಕನ್ನಡಕ ತೆಗೆದು, "ಇದು ಮೇಲಿನ ಚಿಪ್ಪು ಹೇಳಿದ್ದು. ಕೆಳಗಿನ ಚಿಪ್ಪು ಎಂತ ಹೇಳ್ತದೆ?" ಎಂದರು. ಯಂತ್ರದ ಎರಡು ತಟ್ಟೆಗಳಿಗೆ ನಾವು ಚಿಪ್ಪು ಎನ್ನುತ್ತಿದ್ದೆವಲ್ಲ, ಮೇಲಿನದರ ಲೆಕ್ಕ ನಿನ್ನದು, ಕೆಳಗಿನದರದ್ದು ನನ್ನದು. ಮೇಲಿನದು ಬಲಕ್ಕೆ ವಾಲಿದ ಗೆರೆ ತೋರಿಸಿದರೆ ಕೆಳಗಿನದು ಅಷ್ಟೇ ಎಡಕ್ಕೆ ವಾಲಿದ್ದನ್ನು ತೋರಿಸಿತು. ಕೂಡಿಸಿದರೆ ಸೊನ್ನೆ. ಇಬ್ಬರು ಸಾಕ್ಷಿಗಳು ಎರಡು ಬಗೆ ಹೇಳಿದರೆ ಇಬ್ಬರನ್ನೂ ನಂಬಲಿಕ್ಕಾಗದು ಎಂದರು ಸರ್. ನಿನ್ನ ಪಿಎಚ್‌ಡಿಯ ಬೆನ್ನುಮೂಳೆಯೇ ಆ ಅರವತ್ತೊಂದು. ಅದು ಹೋಯಿತು, ಸೆಪ್ಟೆಂಬರಿನಲ್ಲಿ ನೀನೂ ಹೋದಿ. ಕಾರ್ಕಳದ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಿ ಎಂದು ಬೇರೆಯವರ ಬಾಯಿಂದ ಕೇಳಬೇಕಾಯಿತು.

ಈಗ ಕೇಳು, ಕಟಪಾಡಿಯಲ್ಲಿ ಏನಾಯಿತೆಂದು.

ಗ್ಲ್ಯಾಡಿಸ್ ಮಾವ್ಶಿಯನ್ನು ನೀನು ಮರೆತಿರಲಾರೆ. ಅಮ್ಮನ ತಂಗಿ, ಜಂಕ್ಷನ್ನಿನ ಬೇಕರಿಯ ಮೇಲೆ ಟೈಲರ್ ಅಂಗಡಿ, ನಿನ್ನ ಮೊದಲ ಸೆಮಿನಾರಿಗೆ ನೀಲಿ ಬ್ಲೌಸ್ ಹೊಲಿದುಕೊಟ್ಟವಳು. ಅವಳ ಮಗಳು ಶರೋನಳ ಮದುವೆ ಕಳೆದ ವಾರ ಆಯಿತು. ಅದಕ್ಕೆ ನಾಲ್ಕು ದಿನ ಮೊದಲು, ಎಂಟನೇ ತಾರೀಕು ಶುಕ್ರವಾರ, ನಾನು ಅಂಗಡಿಗೆ ಹೋದರೆ ಮಾವ್ಶಿಯ ಬಲಗೈ ಹೆಬ್ಬೆರಳಿಗೆ ದೊಡ್ಡ ಬ್ಯಾಂಡೇಜು. ಇಸ್ತ್ರಿಪೆಟ್ಟಿಗೆ ಬಿದ್ದದ್ದಂತೆ. ಮಗಳ ಮದುವೆಯ ಬ್ಲೌಸನ್ನು ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ ಎಂಬ ಹಟ ಬೇರೆ. "ನೀನು ಬಾ, ಕತ್ತರಿ ಹಿಡಿ. ಗೀಟಿನ ಮೇಲೆ ಹೋದರೆ ಆಯ್ತು, ಇದೆಂತ ರಾಕೆಟ್ ಅಲ್ಲ" ಎಂದಳು. ಕೆಂಪು ರೇಷ್ಮೆ, ಒಂದೇ ಮುಖಕ್ಕೆ ತೆಳ್ಳಗಿನ ಜರಿ. ಬಟ್ಟೆ ಸಾಲದ ಕಾರಣ ಮಡಚಿ ಎರಡು ತೋಳನ್ನು ಒಟ್ಟಿಗೆ ಕತ್ತರಿಸುವ ಹಾಗಿರಲಿಲ್ಲ, ಬಿಡಿಬಿಡಿಯಾಗಿ ಕತ್ತರಿಸಬೇಕಿತ್ತು. ನಾನು ಕಾಗದದ ತೋಳನ್ನಿಟ್ಟು ಸೀಮೆಸುಣ್ಣದಲ್ಲಿ ಗೀಟೆಳೆದು ಒಂದನ್ನು ಕತ್ತರಿಸಿದೆ. ಅದೇ ಕಾಗದವನ್ನು ಅದೇ ಹಾಗೆ ಇನ್ನೊಂದು ಕಡೆ ಇಟ್ಟು ಮತ್ತೊಂದನ್ನು ಕತ್ತರಿಸಿದೆ. ಎಷ್ಟು ನಾಜೂಕು ಅಂತೀಯಾ!

ಮಾವ್ಶಿ ಎರಡನ್ನೂ ಎತ್ತಿ ನೋಡಿದವಳು ಗೋಡೆಯ ಮೇಲಿನ ಯೇಸುವಿನ ಪಟಕ್ಕೆ ಕೈಮುಗಿದಳು.

"ಇದೆಂತ ಮಾಡಿದ್ದು ನೀನು?"

"ಗೀಟಿನ ಮೇಲೆಯೇ ಹೋಗಿದ್ದೇನೆ ಮಾವ್ಶಿ, ಒಂದು ನೂಲು ಆಚೀಚೆ ಆಗಿಲ್ಲ."

"ಗೀಟು ಸರಿ ಉಂಟು. ಎರಡೂ ಬಲಗೈಯ ತೋಳು! ನನ್ನ ಮಗಳಿಗೆ ಎಡಗೈ ಇಲ್ವಾ?"

ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ಹೆಚ್ಚು ತೋಡುತ್ತಾರಂತೆ, ಇಲ್ಲದಿದ್ದರೆ ಕೈ ಎತ್ತಿದಾಗ ಕಂಕುಳಲ್ಲಿ ಹಿಡಿಯುತ್ತದಂತೆ. ಆದ್ದರಿಂದ ಎಡಗೈಯದ್ದು ಬಲಗೈಗೆ ಆಗುವುದಿಲ್ಲ. "ಬಟ್ಟೆ ಮಡಚಿ ಕತ್ತರಿಸಿದರೆ ಎಡ ಬಲ ತನ್ನಷ್ಟಕ್ಕೇ ಬರ್ತದೆ. ಬಿಡಿ ಕತ್ತರಿಸುವಾಗ ಎರಡನೆಯದಕ್ಕೆ ಕಾಗದವನ್ನು ಮಗುಚಿ ಇಡಬೇಕು. ಎದುರುಬದುರು ಬರುವ ಎಲ್ಲದಕ್ಕೂ ಹಾಗೆಯೇ. ಇಷ್ಟು ಓದಿ ಎಂತ ಬಂತು ನಿನಗೆ?" ಎಂದು ಬೈಯುತ್ತಲೇ ಇದ್ದಳು.

ನಾನು ಕತ್ತರಿ ಹಿಡಿದು ನಿಂತೇ ಇದ್ದೆ. ಎದುರುಬದುರು ಬರುವ ಎಲ್ಲದಕ್ಕೂ! ಇಮ್ಮಿ, ನಿನಗೆ ಆಗಲೇ ಹೊಳೆದಿರುತ್ತದೆ. ನೀನು ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ. ನಮ್ಮ ಯಂತ್ರದ ಎರಡು ತಟ್ಟೆಗಳು ಎದುರುಬದುರಾಗಿ ಮುಚ್ಚಿಕೊಂಡಿವೆ ಎಂದೇ ಅಲ್ಲವೇ ನಮ್ಮ ಲ್ಯಾಬಿನ ಪ್ರವೀಣ್ ಅದಕ್ಕೆ ಚಿಪ್ಪುಮೀನಿನ ಹೆಸರು, ಮರುವಾಯಿ ಎಂದು ಇಟ್ಟದ್ದು? ಕಾಪುವಿನವನು, ಏನು ನೋಡಿದರೂ ಅವನಿಗೆ ಮೀನು, ಚಿಪ್ಪು. ಪ್ರತಿ ಚಿಪ್ಪಿನಲ್ಲೂ ಚದುರಂಗದ ಹಲಗೆಯ ಹಾಗೆ ಮನೆಗಳು. ಗಾಮಾ ಕಿರಣ ಒಂದು ಮನೆಗೆ ಬಿದ್ದು ಪಕ್ಕದ ಮನೆಗೆ ಹಾರುತ್ತದೆ, ಯಾವ ಕಡೆಗೆ ಹೆಚ್ಚು ಹಾರುತ್ತದೆ ಎಂದು ಎಣಿಸಿಯೇ ನಾವು ಬೆಳಕಿನ ದಿಕ್ಕು ಹೇಳುವುದು. ಯಾವ ಮನೆ ಎಲ್ಲಿದೆ ಎಂಬ ನಕ್ಷೆ ಬರೆದವಳು ನಾನು. ಒಂದೇ ನಕ್ಷೆ, ಎರಡು ಚಿಪ್ಪಿಗೂ. ಕೆಳಗಿನದಕ್ಕೆ ಮಗುಚಿ ಇಡಬೇಕಿತ್ತು. ಮಗುಚಿರಲಿಲ್ಲ. ಎರಡೂ ಬಲಗೈಯ ತೋಳು!

"ಮಾವ್ಶಿ, ನಾನು ಬಂದೆ" ಎಂದು ಕೂಗಿ ಮೆಟ್ಟಿಲಿಳಿದು ಓಡಿದೆ. ಕತ್ತರಿ ಕೈಯಲ್ಲೇ ಇತ್ತು. ಉಡುಪಿಯ ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದ ಮೇಲೆ ನನಗೆ ಅದರ ಅರಿವಾಯಿತು. ಮಣಿಪಾಲಕ್ಕೆ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಪ್ರವೀಣ್ ಊಟದ ಡಬ್ಬಿ ತೊಳೆಯುತ್ತಿದ್ದ. "ಕಪಾಟಿನ ಬೀಗ ತೆಗಿ, ಜೋಡಿಯಂತ್ರ ಬೇಕು" ಎಂದೆ. ಆಕಾಶಕ್ಕೆ ಹೋದದ್ದರ ಜೊತೆಗೇ ಮಾಡಿದ ಇನ್ನೊಂದು ಮರುವಾಯಿ ಕಬ್ಬಿಣದ ಕಪಾಟಿನಲ್ಲಿ ಉಂಟಲ್ಲ, ಅದು. "ಕತ್ತರಿ ಕೆಳಗಿಟ್ಟು ಮಾತಾಡು ಮಾರಾಯ್ತಿ, ಹೆದರಿಕೆ ಆಗ್ತದೆ" ಎಂದ. ಆಮೇಲೆ ಕಪಾಟಿನ ರಿಜಿಸ್ಟರನ್ನು ನನ್ನ ಮುಂದಿಟ್ಟು, "ಸಹಿ ಹಾಕು, ನಿಯಮ ನಿಯಮವೇ" ಎಂದ. ಸಹಿ ಹಾಕುವ ಮೊದಲು ಹಳೆಯ ಪುಟಗಳನ್ನು ಒಮ್ಮೆ ತಿರುಗಿಸಿದೆ. ಆ ವಿಷಯ ಇರಲಿ.

ನಕ್ಷೆಯನ್ನು ಕೆಳಗಿನ ಚಿಪ್ಪಿನ ಮೇಲಿಟ್ಟು ಬೆರಳಿನಿಂದ ಒಂದೊಂದೇ ಮನೆ ಮುಟ್ಟುತ್ತ ಹೋದೆ. ಮೊದಲ ಸಾಲಿನಲ್ಲೇ ಗೊತ್ತಾಯಿತು, ಎಡವೆಲ್ಲ ಬಲ. ನೀನು ಕೇಳಬಹುದು, ಹಾರಿಸುವ ಮೊದಲು ಪರೀಕ್ಷೆ ಮಾಡಿದ್ದೆವಲ್ಲ ಎಂದು. ಮಾಡಿದ್ದೆವು, ನೆಟ್ಟಗೆ ನಿಂತ ಬೆಳಕಿನಲ್ಲಿ ಮಾತ್ರ. ನೆಟ್ಟಗಿರುವುದನ್ನು ಮಗುಚಿದರೂ ನೆಟ್ಟಗೇ ಕಾಣುತ್ತದೆ. ವಾಲಿದ್ದನ್ನು ಮಗುಚಿದಾಗ ಮಾತ್ರ ಕಳ್ಳ ಸಿಕ್ಕಿಬೀಳುವುದು. ನಿನ್ನ ಚಪ್ಪಲಿಯ ಗ್ರಹಚಾರಕ್ಕೆ ಅದರ ಬೆಳಕು ಸರಿಯಾಗಿ ಮೂಲೆಯಿಂದ ಮೂಲೆಗೆ ವಾಲಿತ್ತು. ಆದ್ದರಿಂದಲೇ ಒಂದಕ್ಕೊಂದು ಪೂರ್ತಿ ಹೊಡೆದುಹಾಕಿ ಸೊನ್ನೆಯಾದದ್ದು.

ನಕ್ಷೆ ತಿರುಗಿಸಿ ಲೆಕ್ಕಕ್ಕೆ ಹಾಕಿದೆ. ಇಪ್ಪತ್ತು ನಿಮಿಷ. ನಾನೂ ಪ್ರವೀಣನೂ ಒಂದೇ ಕುರ್ಚಿಯ ಎರಡು ಕೈಗಳ ಮೇಲೆ ಕೂತು ಕಾದೆವು. ಆಮೇಲೆ ಪರದೆಯ ಮೇಲೆ ಆ ಗೆರೆ ಎದ್ದಿತು ನೋಡು! ಎರಡೂ ಚಿಪ್ಪು ಒಂದೇ ದಿಕ್ಕು ಹೇಳುತ್ತಿದ್ದವು. ನಡುವಿನ ತುಂಡಿನಲ್ಲಿ ಶೇಕಡಾ ಐವತ್ತೊಂಬತ್ತು. ನೀನು ಹೇಳಿದ್ದು ಅರವತ್ತೊಂದು! ಎರಡು ಆಚೀಚೆ, ಅದು ನಮ್ಮ ಯಂತ್ರದ ತಪ್ಪಿನ ಮಿತಿಯೊಳಗೇ ಉಂಟು. ಕೊನೆಯ ತುಂಡಿನಲ್ಲಿ ದಿಕ್ಕು ತಿರುಗುತ್ತದೆ, ಅದನ್ನೂ ನೀನು ಹೇಳಿದ್ದಿ. ಹದಿನಾಲ್ಕು ಸೆಕೆಂಡನ್ನು ಒಟ್ಟಿಗೆ ಸುರಿದು ಕಲಸಬೇಡಿ, ತುಂಡು ತುಂಡಾಗಿ ನೋಡಿ ಎಂದು ನೀನು ಹಟ ಹಿಡಿದದ್ದು ಅದಕ್ಕೇ. ನಾನು ಕಿರುಚಿದೆ. ಪ್ರವೀಣ್ ತುಳುವಿನಲ್ಲಿ ಏನೋ ಕೂಗಿದ, ಅದನ್ನು ಬರೆಯಲಿಕ್ಕಾಗದು. ಪಕ್ಕದ ಕೋಣೆಯವರು ಬೆಂಕಿ ಬಿತ್ತೋ ಎಂದು ಓಡಿಬಂದರು.

ಸ್ಟ್ಯಾನಿಸ್ಲಾಸ್ ಸರ್ ಬಂದು ಗೆರೆ ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. "ನಕ್ಷೆಯಲ್ಲಿ ಎಂಥವರಿಗೂ ತಪ್ಪುತ್ತದೆ. ಆದರೆ ಆ ಹುಡುಗಿ ಎದುರಿಗೆ ನಿಂತು ಹೇಳಿದಳಲ್ಲ, ನಾನು ಕೇಳಿಸಿಕೊಳ್ಳಲಿಲ್ಲ" ಎಂದರು. ಆಮೇಲೆ, "ಈ ಲೇಖನದಲ್ಲಿ ಮೊದಲ ಹೆಸರು ಇಮೆಲ್ಡಾಳದ್ದು. ಅವಳು ಬಂದು ಒಪ್ಪುವವರೆಗೆ ಇದು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಇವತ್ತೇ ಅವಳಿಗೆ ಬರೆ" ಎಂದರು.

ಇವತ್ತೇ ಎಂದದ್ದು ಎಂಟನೇ ತಾರೀಕು. ನಾನು ಬರೆಯುತ್ತಿರುವುದು ಹತ್ತೊಂಬತ್ತಕ್ಕೆ. ಮದುವೆ ಇತ್ತು, ಉಳಿದ ಆರು ಸ್ಫೋಟಗಳ ಲೆಕ್ಕವನ್ನೂ ಮತ್ತೆ ಮಾಡಬೇಕಿತ್ತು. (ಆರರಲ್ಲಿ ನಾಲ್ಕು ಈಗ ಬಾಯಿ ಬಿಟ್ಟಿವೆ, ಎರಡು ಇನ್ನೂ ಮೊಂಡು ಹಿಡಿದಿವೆ.) ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಬ್ಲೌಸಿನ ಕಥೆ ಕೇಳಬೇಕಾ? ಮಾವ್ಶಿ ಸೀರೆಯ ಒಳತುದಿಯಿಂದ ತುಂಡು ತೆಗೆದು ಎಡಗೈಯ ತೋಳು ಮಾಡಿದಳು, ಹೆಬ್ಬೆರಳಿನ ಬ್ಯಾಂಡೇಜು ಬಿಚ್ಚಿ ತಾನೇ ಕತ್ತರಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ಮದುವೆಯ ಮುನ್ನಾದಿನದ ರೋಸಿನಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ನನ್ನನ್ನು ಮೂಲೆಗೆ ಎಳೆದು, "ಆ ದಿನ ನನ್ನ ಕತ್ತರಿ ಹಿಡಿದುಕೊಂಡು ಓಡಿದ್ದೇಕೆ, ಈಗಲಾದರೂ ಹೇಳು" ಎಂದಳು. ಹೇಳಿದೆ. ಒಂದು ಮಹಾ ನಕ್ಷತ್ರ ಸಾಯುವಾಗ ತನ್ನೊಳಗಿಂದ ಬೆಂಕಿಯ ಜೆಟ್ ಒಂದನ್ನು ಚಿಮ್ಮಿಸುತ್ತದೆ, ಅದರ ಬೆಳಕು ಏಳುನೂರು ಕೋಟಿ ವರ್ಷ ನಡೆದು ನಮ್ಮಲ್ಲಿಗೆ ಬಂತು. ಆ ಜೆಟ್ಟಿನೊಳಗೆ ಕಾಂತಕ್ಷೇತ್ರ ಹೇಗಿತ್ತು ಎಂದು ಹೋಗಿ ನೋಡುವಂತಿಲ್ಲ, ಬೆಳಕು ಯಾವ ದಿಕ್ಕಿಗೆ ಅಲುಗುತ್ತ ಬಂತು ಎಂದು ನೋಡಿ ಊಹಿಸಬೇಕು ಎಂದೆ.

"ಬೆಳಕಿಗೂ ಉದ್ದ ನೂಲು, ಅಡ್ಡ ನೂಲು ಉಂಟಾ?" ಎಂದಳು ಮಾವ್ಶಿ.

ಇಮ್ಮಿ, ಅವಳನ್ನು ತಬ್ಬಿಕೊಂಡುಬಿಟ್ಟೆ. ನಾವು ಎಂಟು ಸ್ಲೈಡಿನಲ್ಲಿ ಹೇಳುತ್ತಿದ್ದದ್ದನ್ನು ಒಂದೇ ಮಾತಿನಲ್ಲಿ ಹೇಳಿದಳು! "ಉಂಟು ಮಾವ್ಶಿ. ಕಾಂತಕ್ಷೇತ್ರ ನಿನ್ನ ಮಿಷನ್ನಿನ ಕೆಳಗೆ ಬಿದ್ದ ನೂಲಿನ ಸಿಕ್ಕಿನ ಹಾಗಿದ್ದರೆ ಬೆಳಕಿಗೆ ದಿಕ್ಕೇ ಇರುವುದಿಲ್ಲ. ನೇಯ್ದ ಹಾಗೆ ಅಚ್ಚುಕಟ್ಟಾಗಿದ್ದರೆ ಬೆಳಕು ಒಂದು ದಿಕ್ಕು ಹಿಡಿದು ಬರುತ್ತದೆ. ಇದು ಅಚ್ಚುಕಟ್ಟಾಗಿ ಬಂದಿದೆ. ಮೊದಲು ಕಂಡುಹಿಡಿದವಳು ನಮ್ಮ ಇಮೆಲ್ಡಾ" ಎಂದೆ. "ಆ ನೀಲಿ ಬ್ಲೌಸಿನ ಹುಡುಗಿಯಾ? ಅವಳೆಲ್ಲಿ, ಮದುವೆಗೆ ಕರೆಯಲಿಲ್ವಾ?" ಎಂದು ಕೇಳಿದಳು. ನಾನು ಡುಕ್ರಾ ಮಾಸ್ ಬಡಿಸಲು ಕರೆಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಎದ್ದುಹೋದೆ.

ಒಂದೇ ಸ್ಫೋಟದಿಂದ ಲೋಕದ ಎಲ್ಲ ಜೆಟ್‌ಗಳೂ ಹೀಗೆಯೇ ಎಂದು ಡಂಗುರ ಹೊಡೆಯಬಾರದು ಎಂದು ಸರ್ ಎಚ್ಚರಿಸುತ್ತಲೇ ಇದ್ದಾರೆ. ಹೊಡೆಯುವುದಿಲ್ಲ. ಆದರೆ ಈ ಒಂದರಲ್ಲಿ ಆ ಕಾಂತಕ್ಷೇತ್ರ ದಾರಿಯಲ್ಲಿ ಹೇಗೋ ಹುಟ್ಟಿಕೊಂಡ ಸಿಕ್ಕಲ್ಲ, ಹೊರಟ ಮನೆಯಿಂದಲೇ ಕ್ರಮವಾಗಿ ಬಂದದ್ದು ಇರಬೇಕು ಎಂದು ನೀನು ಬರೆದಿದ್ದಿಯಲ್ಲ, ಆ ಸಾಲನ್ನು ಸರ್ ನಿನ್ನ ಹಳೆಯ ವರದಿಯಿಂದ ಹುಡುಕಿ ತೆಗೆದು ಬೋರ್ಡಿನ ಮೇಲೆ ಬರೆದಿದ್ದಾರೆ. ಅದನ್ನು ಯಾರೂ ಅಳಿಸುವ ಹಾಗಿಲ್ಲ.

ಈಗ ಮುಖ್ಯ ವಿಷಯ. ಆಗಸ್ಟ್ 30, ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಸೆಮಿನಾರ್ ಕೋಣೆಯಲ್ಲಿ ನೀನು ಮಾತಾಡಬೇಕು. ನಾನಲ್ಲ, ಸರ್ ಅಲ್ಲ, ನೀನು. ನಿನ್ನ ಆ ಹಸಿರು ರಟ್ಟಿನ ಪುಸ್ತಕ ತರಬೇಕು, ಅದರಲ್ಲಿ ತುಂಡುಗಳ ಮೊದಲ ಲೆಕ್ಕ ಉಂಟು. ಪಿಎಚ್‌ಡಿಗೆ ಮರುನೋಂದಣಿ ಮಾಡಲು ಕೊನೆಯ ದಿನವೂ ಅದೇ ಶನಿವಾರ. ಅರ್ಜಿಗೆ ಸರ್ ಸಹಿ ಹಾಕಿಟ್ಟಿದ್ದಾರೆ, ನಿನ್ನ ಸಹಿಯ ಜಾಗ ಖಾಲಿ ಉಂಟು. ಕಾಲೇಜು ಬಿಡಬೇಕಾಗಿಲ್ಲ, ಪಾಠ ಮಾಡುತ್ತಲೇ ಮುಗಿಸಬಹುದು, ವಿಚಾರಿಸಿ ಆಗಿದೆ. ಎಂಟು ಗಂಟೆಗೆ ಕಾರ್ಕಳದಲ್ಲಿ ಬಸ್ ಹತ್ತಿದರೆ ಹಿರಿಯಡ್ಕದ ಮೇಲೆ ಒಂಬತ್ತೂವರೆಯೊಳಗೆ ಮಣಿಪಾಲ. ಆ ದಿನ ನೀನು ಬರದಿದ್ದರೆ ನಿನ್ನ ಪದವಿಯ ಬಾಗಿಲು ಪೂರ್ತಿ ಮುಚ್ಚುತ್ತದೆ, ಅದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಇನ್ನು ಬೇಡ, ಅದೆಲ್ಲ ಮುಗಿದ ಕಥೆ ಎಂದು ನೀನು ಹೇಳುತ್ತೀಯಾ? ನಂಬುವುದಿಲ್ಲ ಹೋಗು! ಈ ಜೂನಿನಲ್ಲಿ ನಮ್ಮಲ್ಲಿಗೆ ಮಾನಸ ಎಂಬ ಹುಡುಗಿ ತರಬೇತಿಗೆ ಬಂದಳು, ಕಾರ್ಕಳದವಳು. ಧ್ರುವೀಕರಣ ಎಂದರೆ ಏನು ಎಂದು ಸರ್ ಕೇಳಿದರೆ ಅವಳು ಚೀಲದಿಂದ ಎರಡು ಹಳೆಯ ಕಪ್ಪು ಕನ್ನಡಕ ತೆಗೆದು ಒಂದರ ಮೇಲೊಂದು ಹಿಡಿದು ತಿರುಗಿಸಿ ಕತ್ತಲು ಮಾಡಿ ತೋರಿಸಿದಳು. ಯಾರು ಕಲಿಸಿದ್ದು ಎಂದರೆ, "ಪಿಯುಸಿಯಲ್ಲಿ ನಮ್ಮ ಇಮೆಲ್ಡಾ ಮೇಡಂ. ಇದನ್ನು ಹೇಳುವಾಗ ಅವರಿಗೆ ಬೆಲ್ ಆದದ್ದೇ ಗೊತ್ತಾಗುದಿಲ್ಲ" ಎಂದಳು. ಸಿಕ್ಕಿಬಿದ್ದಿ ನೋಡು.

ಬಾ ಇಮ್ಮಿ. ಗ್ಲ್ಯಾಡಿಸ್ ಮಾವ್ಶಿ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ, ಹೊಸ ಬ್ಲೌಸಿಗೆ ಅಳತೆ ಹಳೆಯದೇ ಸಾಕಾ ಎಂದೂ ಕೇಳಿದ್ದಾಳೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ದೇವ್ ಬರೆಂ ಕರುಂ. ನಿನ್ನ ಕೆಲಸಕ್ಕೆ, ನಿನ್ನ ಮಕ್ಕಳಿಗೆ (ನಲವತ್ತು ಮಕ್ಕಳಂತೆ ಒಂದೊಂದು ಕ್ಲಾಸಿಗೆ!), ನಿನ್ನ ಎರಡೂ ಕಾಲಿನ ಚಪ್ಪಲಿಗೆ ಒಳ್ಳೆಯದಾಗಲಿ.

ನಿನ್ನ,
ಸಿಂಥಿಯಾ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಒಡೆದೆ.

ಹನ್ನೊಂದು ದಿನ ತಡವಾದದ್ದು ಮದುವೆಯಿಂದ ಅಲ್ಲ, ಲೆಕ್ಕದಿಂದಲೂ ಅಲ್ಲ. ನೀನು ಹೊರಟ ದಿನ ಲ್ಯಾಬಿನ ಬಾಗಿಲಲ್ಲಿ ನಿಂತು ನನ್ನನ್ನು ಒಂದು ಮಾತು ಕೇಳಿದಿ: "ಸಿಂಥಿ, ಕಪಾಟಿನಿಂದ ಜೋಡಿಯನ್ನು ತೆಗೆದು ನಕ್ಷೆ ಇಟ್ಟು ನೋಡಿದಿಯಾ?" ನಾನು "ನೋಡಿದೆ" ಎಂದೆ. ನೋಡಿರಲಿಲ್ಲ. ಮರೆತದ್ದಲ್ಲ, ಸಮಯ ಇರಲಿಲ್ಲವೆಂದೂ ಅಲ್ಲ. ಮೊದಲ ದೊಡ್ಡ ಸ್ಫೋಟ ನಿನಗೆ ಸಿಕ್ಕಿತೆಂದು ನನಗೆ ಹೊಟ್ಟೆಕಿಚ್ಚಿತ್ತು. ಸೊನ್ನೆ ಬಂದ ದಿನ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಕಪಾಟು ತೆಗೆದರೆ ಅದು ಸೊನ್ನೆಯಾಗಿ ಉಳಿಯದೇ ಹೋದೀತು ಎಂದು ಹೆದರಿದೆ.

ಇವತ್ತು ಮಧ್ಯಾಹ್ನ ಇದನ್ನು ಸರ್‌ಗೆ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ, "ಇದನ್ನೂ ಅವಳಿಗೆ ಬರೆ" ಎಂದರು, ಅಷ್ಟೇ. ಶನಿವಾರ ನೀನು ನನ್ನ ಮುಖ ನೋಡಬೇಕಾಗಿಲ್ಲ, ನಾನು ಕಟಪಾಡಿಯಲ್ಲಿ ಇರುತ್ತೇನೆ. ನೀನು ಮಾತ್ರ ಬಾ.

ಕಪಾಟಿನ ರಿಜಿಸ್ಟರ್ ಆ ದಿನ ನಿನ್ನ ಪಕ್ಕದ ಮೇಜಿನ ಮೇಲೆಯೇ ಇತ್ತು. ಒಂದು ಪುಟ ತಿರುಗಿಸಿದ್ದರೆ ನನ್ನ ಸಹಿ ಇಲ್ಲದ್ದು ನಿನಗೆ ಕಾಣುತ್ತಿತ್ತು. ನೀನು ತಿರುಗಿಸಲಿಲ್ಲ. "ನೀನು ನೋಡಿದ್ದಿಯಲ್ಲ, ಹಾಗಾದರೆ ನನ್ನದೇ ತಪ್ಪು" ಎಂದು ಹೇಳಿ ಬ್ಯಾಗ್ ಹೆಗಲಿಗೇರಿಸಿ ಬಸ್ಸಿಗೆ ಹೋದಿ.